ಅಸಲಿ ನಾಣ್ಯ, ಅನುಕರಣೆಯ ನಾಣ್ಯ

ತೆರಿಗೆಯ ಪ್ರಶ್ನೆಯೊಡನೆ ಬಂದವರಿಂದ ಯೇಸುಸ್ವಾಮಿ ನಾಣ್ಯವೊಂದನ್ನು ತರಿಸಿ, ಅದರ ಮೇಲಿನ ಮುಖವೂ ಲಿಪಿಯೂ ಯಾರವೆಂದು ವಿಚಾರಿಸಿದರು. ರೋಮನ್ ನಾಣ್ಯಗಳನ್ನು ಪರೀಕ್ಷಿಸುವ ವಿದ್ವಾಂಸರು ಇಂದಿಗೂ ಮುಖ್ಯವಾಗಿ ಗಮನಿಸುವುದು ಆ ಎರಡನ್ನೇ.

ಪ್ರೇಷಿತರ ಕಾರ್ಯಕಲಾಪಗಳಲ್ಲಿ ಉಲ್ಲೇಖಿತನಾದ ಕ್ಲೌದಿಯ ಚಕ್ರವರ್ತಿಯ ಸೇನೆ ಕ್ರಿ.ಶ. 43ರಲ್ಲಿ ಬ್ರಿಟನ್ನಿಗೆ ದಂಡೆತ್ತಿ ಹೋಯಿತು. ಅಲ್ಲಿನ ಸೈನಿಕರ ನಿತ್ಯವ್ಯವಹಾರಕ್ಕೆ ತಾಮ್ರದ ಚಿಲ್ಲರೆ ಸಾಲದೆ ಬಂದಾಗ, ಸ್ಥಳೀಯವಾಗಿಯೇ ಅನುಕರಣೆಯ ನಾಣ್ಯಗಳು ತಯಾರಾದವು. ಒಂದು ಬದಿಯಲ್ಲಿ ಚಕ್ರವರ್ತಿಯ ತಲೆ. ಮತ್ತೊಂದರಲ್ಲಿ ಈಟಿ, ಗುರಾಣಿ ಹಿಡಿದ ಮಿನರ್ವ ದೇವತೆ. ರೋಮಿನ ಟಂಕಸಾಲೆಯ ನಾಣ್ಯದಲ್ಲಿ ಮುಖಲಕ್ಷಣ ಸ್ಫುಟ, ಅಕ್ಷರಗಳು ಕ್ರಮಬದ್ಧ. ಅನುಕರಣೆಯಲ್ಲಿ ಮುಖ ಒರಟು, ತೂಕ ಕಡಿಮೆ, ಅಕ್ಷರಗಳು ತಪ್ಪು. ಆದರೂ ಸೇನಾ ಶಿಬಿರಗಳ ನೆಲೆಗಳಲ್ಲಿಯೇ ಇವು ಹೇರಳವಾಗಿ ದೊರೆತಿರುವುದರಿಂದ, ಅಧಿಕಾರಿಗಳು ಇವನ್ನು ಸಹಿಸಿಕೊಂಡಿದ್ದರೆಂದು ಊಹಿಸಲಾಗಿದೆ. ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ಚಿಲ್ಲರೆ ನಾಣ್ಯಗಳನ್ನು ಮತ್ತೆ ಹೇರಳವಾಗಿ ಅಚ್ಚುಹಾಕಿಸಿದ ಮೇಲೆ ಇವುಗಳ ಅಗತ್ಯ ತೀರಿತು.

ತಾಮ್ರದ ತಿರುಳಿಗೆ ತೆಳುವಾಗಿ ಬೆಳ್ಳಿ ಹೊದಿಸಿದ ಖೋಟಾ ನಾಣ್ಯಗಳ ಕಥೆಯೇ ಬೇರೆ. ಅವುಗಳ ಮುಖವೂ ಲಿಪಿಯೂ ಬಹುಮಟ್ಟಿಗೆ ನಿರ್ದೋಷವಾಗಿರಬಹುದು, ಮೋಸವಿರುವುದು ಒಳಗೆ. ಅಂಚು ಸವೆದಾಗ, ಇಲ್ಲವೆ ಅನುಮಾನಗೊಂಡವರು ಉಳಿಯಿಂದ ಕಚ್ಚು ಹಾಕಿದಾಗ, ಕೆಂಪು ತಾಮ್ರ ಹೊರಬೀಳುತ್ತಿತ್ತು.

ಮೊದಲನೆಯದು ಒರಟಾದರೂ ಜನರ ಕೊರತೆಯನ್ನು ನೀಗಿತು. ಎರಡನೆಯದು ನಯವಾಗಿದ್ದೂ ಕೈಗೆತ್ತಿಕೊಂಡವರನ್ನು ವಂಚಿಸಿತು. ನಾಣ್ಯ ಹೊತ್ತದ್ದು ಕೈಸರನ ರೂಪ. ಮಾನವರಾದ ನಾವು ಹೊತ್ತದ್ದು ದೇವರ ರೂಪ. ನಮ್ಮಲ್ಲಿ ಅದು ಒರಟಾಗಿ ಮೂಡಿದ್ದರೆ ನಾಚಬೇಕಾಗಿಲ್ಲ. ಹೊರಗೆ ಹೊಳೆಯುವ ಲೋಹವೇ ಒಳಗೂ ಇದೆಯೇ ಎಂಬುದನ್ನು ಮಾತ್ರ ನಾವೇ ಪರೀಕ್ಷಿಸಿಕೊಳ್ಳೋಣ.