ಧ್ಯೇಯ ಮತ್ತು ಅನುದಾನ: ಆಲ್ಕಾರ್ನ್ ಕಾಲೇಜಿನ ಒಂದು ಅಧ್ಯಯನ

ಸರ್ಕಾರಿ ಕಾಲೇಜೊಂದರ ಧ್ಯೇಯ ಮೊದಲು ನಿಗದಿಯಾಗುತ್ತದೆ, ಅದಕ್ಕೆ ತಕ್ಕ ಅನುದಾನ ಆಮೇಲೆ ಬರುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಆಲ್ಕಾರ್ನ್ ಕಾಲೇಜಿನ ಚರಿತ್ರೆಯಲ್ಲಿ ಈ ಕ್ರಮ ತಿರುವುಮುರುವಾಗಿದೆ. ಅಲ್ಲಿ ಅನುದಾನವೇ ಧ್ಯೇಯದ ಎಲ್ಲೆಯನ್ನು ಗೊತ್ತುಮಾಡಿತು ಎಂಬುದು ಪ್ರಸ್ತುತ ಲೇಖನದ ವಾದ.

ಅಂತರ್ಯುದ್ಧದ ನಂತರ ಮುಚ್ಚಿಹೋಗಿದ್ದ ಓಕ್‌ಲ್ಯಾಂಡ್ ಎಂಬ ಪ್ರೆಸ್ಬಿಟೇರಿಯನ್ ಕಾಲೇಜಿನ ಆವರಣವನ್ನು ಕೊಂಡು, ರಾಜ್ಯ ಸರ್ಕಾರ 1871ರಲ್ಲಿ ಕಪ್ಪುವರ್ಣೀಯರಿಗಾಗಿ ಈ ಸಂಸ್ಥೆಯನ್ನು ತೆರೆಯಿತು. ಅಮೆರಿಕದ ಸೆನೆಟ್ಟಿಗೆ ಕಾಲಿಟ್ಟ ಮೊದಲ ಕಪ್ಪುವರ್ಣೀಯ ಹೈರಮ್ ರೆವೆಲ್ಸ್ ಇದರ ಮೊದಲ ಅಧ್ಯಕ್ಷರು. ಹತ್ತು ವರ್ಷಗಳ ಕಾಲ ವರ್ಷಕ್ಕೆ 50,000 ಡಾಲರ್ ಕೊಡುವುದೆಂದು ತೀರ್ಮಾನವಾಯಿತು. ಕಾಲೇಜುಗಳಿಗೆಂದು ಕೇಂದ್ರ ರಾಜ್ಯಗಳಿಗೆ ಭೂಮಿ ಕೊಟ್ಟ 1862ರ ಮಾರಿಲ್ ಕಾಯಿದೆಯಂತೆ ಬಂದ ಹಣದಲ್ಲಿ ಐದರಲ್ಲಿ ಮೂರು ಪಾಲೂ ಇದಕ್ಕೇ ಸೇರಿತು. ಶಾಸನಸಭೆಯಲ್ಲಿ ಕಪ್ಪುವರ್ಣೀಯ ಸದಸ್ಯರಿದ್ದ ದಿನಗಳ ಲೆಕ್ಕ ಇದು. 1875ರ ಚುನಾವಣೆಯಲ್ಲಿ ಬಿಳಿಯ ಡೆಮಾಕ್ರಟರು ಗೆದ್ದ ಮೇಲೆ ಅನುದಾನಕ್ಕೆ ಕತ್ತರಿ ಬಿತ್ತು. 1878ರಲ್ಲಿ ಕಾಲೇಜಿನ ಹೆಸರಿಗೆ ‘ಕೃಷಿ ಮತ್ತು ಯಂತ್ರವಿದ್ಯೆ’ ಸೇರಿತು. ಅದೇ ವರ್ಷ ಬಿಳಿಯರಿಗೆಂದು ಬೇರೆ ಕೃಷಿ ಕಾಲೇಜು ಹುಟ್ಟಿಕೊಂಡಿತು.

1890ರ ಎರಡನೆಯ ಮಾರಿಲ್ ಕಾಯಿದೆ ಈ ಇಬ್ಬಗೆಗೆ ಕೇಂದ್ರದ ಮುದ್ರೆ ಒತ್ತಿತು. ಹಣದ ಹಂಚಿಕೆ ನ್ಯಾಯವಾಗಿದ್ದರೆ ಪ್ರತ್ಯೇಕ ಕಾಲೇಜುಗಳಿಗೆ ಅದರ ಅಡ್ಡಿಯಿರಲಿಲ್ಲ. ಸಮಪಾಲು ಕೊಡಬೇಕೆಂದು ಮಾತ್ರ ಅದು ಹೇಳಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಇದೇ ತಾರತಮ್ಯ ಆಡಳಿತದ ಭಾಷೆಗೆ ಇಳಿಯಿತು. 1981ರಲ್ಲಿ ರಾಜ್ಯ ತನ್ನ ಎಂಟು ವಿಶ್ವವಿದ್ಯಾಲಯಗಳಿಗೆ ಧ್ಯೇಯಗಳನ್ನು ಹಂಚಿದಾಗ, ‘ಸಮಗ್ರ’ ಎಂಬ ದರ್ಜೆ ಮೂರು ಬಿಳಿಯ ಸಂಸ್ಥೆಗಳಿಗೆ ದಕ್ಕಿತು. ಆಲ್ಕಾರ್ನ್ ‘ಪ್ರಾದೇಶಿಕ’ ಎನಿಸಿಕೊಂಡಿತು. ಪ್ರಯೋಗಾಲಯ, ಸಂಶೋಧನೆ, ಡಾಕ್ಟರೇಟ್ ಎಲ್ಲಿ ಮೊದಲೇ ಬೆಳೆದಿದ್ದವೋ ಅಲ್ಲಿಗೇ ದೊಡ್ಡ ಧ್ಯೇಯ ಹೋಯಿತು. ಕಪ್ಪು ವಿದ್ಯಾರ್ಥಿಯೊಬ್ಬನ ತಂದೆ ಜೇಕ್ ಏಯರ್ಸ್ ಈ ತಾರತಮ್ಯದ ವಿರುದ್ಧ ರಾಜ್ಯದ ಮೇಲೆ 1975ರಲ್ಲಿ ಹೂಡಿದ್ದ ದಾವೆಯಲ್ಲಿ ಸುಪ್ರೀಂ ಕೋರ್ಟು 1992ರಲ್ಲಿ (ಫೋರ್ಡೈಸ್ ಪ್ರಕರಣ) ಈ ಧ್ಯೇಯ ಹಂಚಿಕೆಯನ್ನೇ ಹಳೆಯ ಪ್ರತ್ಯೇಕತೆಯ ಉಳಿಕೆಗಳ ಸಾಲಿನಲ್ಲಿ ಇಟ್ಟು ನೋಡಿತು. ಆ ದಾವೆಯನ್ನು ಬಗೆಹರಿಸಿದ 2002ರ ಒಪ್ಪಂದದಂತೆ ಮೂರು ಕಪ್ಪು ವಿಶ್ವವಿದ್ಯಾಲಯಗಳಿಗೆ 17 ವರ್ಷಗಳಲ್ಲಿ ಸುಮಾರು 50 ಕೋಟಿ ಡಾಲರ್ ಕೊಡುವುದೆಂದಾಯಿತು.

ಹೀಗಾಗಿ ಇಂಥ ಸಂಸ್ಥೆಗಳ ಧ್ಯೇಯವನ್ನು ತಿಳಿಯಬಯಸುವ ಸಂಶೋಧಕರು ಸ್ಥಾಪನಾ ಶಾಸನದ ಜೊತೆಗೇ ವರ್ಷ ವರ್ಷದ ಆಯವ್ಯಯ ಪತ್ರಗಳನ್ನೂ ಬಿಚ್ಚಿ ಓದಬೇಕಾಗುತ್ತದೆ.