ಪೀಣ್ಯದ ಶೆಡ್ಡು, ಬ್ಯಾಲಾಳಿನ ಆಂಟೆನಾ

ಭಾರತದ ಮೊದಲ ಉಪಗ್ರಹ ಆರ್ಯಭಟ ರೂಪುಗೊಂಡದ್ದು ಬೆಂಗಳೂರಿನ ರಾಜಾಜಿನಗರದಿಂದ ಹೆಚ್ಚು ದೂರವಿಲ್ಲದ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಯು.ಆರ್. ರಾವ್ ಅವರ ತಂಡ ಕಟ್ಟಿದ ಈ 360 ಕಿಲೋ ಭಾರದ ಉಪಗ್ರಹ 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು.

ಅದೇ ವರ್ಷದ ಆಗಸ್ಟ್ 1ರಂದು ಕರ್ನಾಟಕದ ಹಳ್ಳಿಮಕ್ಕಳಿಗೆ ಇನ್ನೊಂದು ಉಪಗ್ರಹದ ಪರಿಚಯವಾಯಿತು. ನಾಸಾದಿಂದ ಎರವಲು ಪಡೆದ ಎಟಿಎಸ್-6ರ ಮೂಲಕ ಇಸ್ರೊ ಉಪಗ್ರಹ ಟಿ.ವಿ. ಶಿಕ್ಷಣದ ‘ಸೈಟ್’ ಪ್ರಯೋಗ ಆರಂಭಿಸಿತು. ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಬಂತು, ನಮ್ಮಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ. ಆಂಟೆನಾ ಎಂದರೆ ಕೋಳಿಗೂಡಿಗೆ ಬಳಸುವಂಥ ತಂತಿಬಲೆಯ ದೊಡ್ಡ ತಟ್ಟೆ. ಬೆಳಿಗ್ಗೆ ಶಾಲಾಮಕ್ಕಳಿಗೆ, ಸಂಜೆ ಊರಿನವರಿಗೆ ಕಾರ್ಯಕ್ರಮ. ಪ್ರವಾಸದ ಬಸ್ಸಿಲ್ಲದೆಯೇ ಹೊರಗಿನ ಲೋಕ ಶಾಲೆಗೆ ಬಂದಿತ್ತು.

ಆದರೆ ಸೈಟ್ ಮಕ್ಕಳಿಗೆ ಟಿ.ವಿ. ತೋರಿಸಿ ಸುಮ್ಮನಾಗಲಿಲ್ಲ. ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಅದೇ ಉಪಗ್ರಹದ ನೆರವಿನಿಂದ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟಿತು.

2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರದ ಶಾಲೆಗಳಿಗೆ ಅದರ ಪಾಠ ತಲುಪಿತು. 2008ರಲ್ಲಿ ಕೆಂಗೇರಿಯಾಚೆಯ ಬ್ಯಾಲಾಳಿನಲ್ಲಿ 32 ಮೀಟರ್ ವ್ಯಾಸದ ಆಂಟೆನಾ ಎದ್ದು ನಿಂತು, ಚಂದ್ರಯಾನ-1ರ ಸಂಕೇತಗಳನ್ನು ಹಿಡಿಯಿತು. ಕೋವಿಡ್ ಕಾಲದಲ್ಲಿ ‘ಸಂವೇದ’ ಪಾಠಗಳು ದೂರದರ್ಶನ ಚಂದನದಲ್ಲಿ ಪ್ರೌಢಶಾಲಾ ಮಕ್ಕಳನ್ನು ಮನೆಯಲ್ಲೇ ಮುಟ್ಟಿದವು. 2022ರಲ್ಲಿ ಇಸ್ರೊ ‘ಸ್ಪಾರ್ಕ್’ ಎಂಬ ವರ್ಚುವಲ್ ವಸ್ತುಸಂಗ್ರಹಾಲಯ ತೆರೆಯಿತು. 2023ರ ಆಗಸ್ಟ್ 23ರ ಸಂಜೆ 6.04ಕ್ಕೆ ಇಸ್ರೊದ ವಿಕ್ರಮ್ ನೌಕೆ ಚಂದ್ರನ ಮೇಲೆ ಇಳಿದಾಗ ಅದರ ನಿಯಂತ್ರಣ ಕೊಠಡಿ ಇದ್ದದ್ದು ಪೀಣ್ಯದಲ್ಲೇ. ಆ ಕ್ಷಣವನ್ನು ದೇಶದ ಮಕ್ಕಳು ಪರದೆಯಲ್ಲಿ ನೇರವಾಗಿ ಕಂಡರು.

ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ವಿಜಯನಗರದ ಶಾಲೆ ಮಕ್ಕಳನ್ನು ಕರೆದೊಯ್ಯಬಹುದು. ಆ ಭೇಟಿಗೆ ಪರದೆ ಬದಲಿಯಲ್ಲ. ಚಂದ್ರನ ಅಂಗಳಕ್ಕೆ ಮಾತ್ರ ಪರದೆಯೇ ದಾರಿ. ಪರದೆಯ ಮೂಲಕ ಅಲ್ಲಿಗೆ ಹೊರಡುವ ಮುನ್ನ ವಿಜ್ಞಾನ ಶಿಕ್ಷಕರು ಒಂದು ಲೆಕ್ಕ ಕೊಡಲಿ: ಚಂದ್ರ ಸುಮಾರು 3,84,000 ಕಿ.ಮೀ. ದೂರ, ಬೆಳಕಿನ ವೇಗ ಸೆಕೆಂಡಿಗೆ 3,00,000 ಕಿ.ಮೀ. ಹಾಗಾದರೆ ಚಂದ್ರನಿಂದ ಹೊರಟ ಸಂಕೇತ ಬ್ಯಾಲಾಳಿಗೆ ಬರಲು ಎಷ್ಟು ಹೊತ್ತು? ಮಕ್ಕಳು ಸುಮಾರು 1.3 ಸೆಕೆಂಡ್ ಎಂದು ಕಂಡುಕೊಂಡ ಮೇಲೆ ಚಂದ್ರನ ವಿಡಿಯೊ ಹಚ್ಚಲಿ.