ಮದರಾಸಿನ ಮರಳಿನ ಪಾಠ ಮತ್ತು ಬಳ್ಳಾರಿಯ ವರದಿ

ನಮ್ಮ ಸಂಘದ ಭಾನುವಾರದ ಕನ್ನಡ ತರಗತಿಯಲ್ಲಿ ದೊಡ್ಡ ಮಕ್ಕಳು ಚಿಕ್ಕವರಿಗೆ ಅಕ್ಷರ ತಿದ್ದಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಇಂತಹುದೇ ಪದ್ಧತಿಯೊಂದು ಎರಡು ಶತಮಾನಗಳ ಹಿಂದೆ ಮದರಾಸಿನಿಂದ, ನಾವಿಂದು ನೆಲೆಸಿರುವ ಇಂಗ್ಲೆಂಡಿಗೆ ಬಂದಿತ್ತು.

ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಸ್ಕಾಟ್ಲೆಂಡಿನ ಪಾದ್ರಿ ಆಂಡ್ರೂ ಬೆಲ್ ಅವರು, ಸ್ಥಳೀಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ಗಮನಿಸಿದರು. ತಮ್ಮ ಶಾಲೆಯ ಉಪಾಧ್ಯಾಯರು ಅದಕ್ಕೆ ಮನಸ್ಸು ಮಾಡದಿದ್ದಾಗ, ಸುಮಾರು ಎಂಟು ವರ್ಷದ ಬಾಲಕನೊಬ್ಬನಿಗೇ ಕಲಿಸುವ ಕೆಲಸವನ್ನು ಒಪ್ಪಿಸಿದರು. ಪ್ರಯೋಗ ಫಲಿಸಿತು. ಅದರ ವೃತ್ತಾಂತವನ್ನು 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಲ್ಪ ವೆಚ್ಚದಲ್ಲಿ ಅನೇಕರಿಗೆ ಕಲಿಸಬಲ್ಲ ಈ ಕ್ರಮವು 'ಮದರಾಸು ಪದ್ಧತಿ' ಎಂಬ ಹೆಸರಿನಿಂದಲೇ ಇಲ್ಲಿನ ಬಡಮಕ್ಕಳ ಶಾಲೆಗಳಲ್ಲಿ ಹಬ್ಬಿತು.

ಕನ್ನಡ ಶಾಲೆಗಳ ಕುರಿತ ಒಂದು ಅಮೂಲ್ಯ ವರದಿ ಬಂದದ್ದು 1823ರಲ್ಲಿ. ಗವರ್ನರ್ ಥಾಮಸ್ ಮನ್ರೋ ಆಜ್ಞಾಪಿಸಿದ್ದ ಸಮೀಕ್ಷೆಯ ಅಂಗವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಅದನ್ನು ಬರೆದರು. ಜಿಲ್ಲೆಯ 533 ಶಾಲೆಗಳಲ್ಲಿ 235 ಕನ್ನಡದವು. ಒಟ್ಟು ವಿದ್ಯಾರ್ಥಿಗಳು 6,641. ಮುಂದುವರಿದ ಮಕ್ಕಳು ಹಿಂದಿನವರಿಗೆ ಕಲಿಸುತ್ತ ತಮ್ಮ ತಿಳಿವನ್ನೂ ಗಟ್ಟಿಗೊಳಿಸಿಕೊಳ್ಳುವ ರೀತಿಯನ್ನು ಅವರು ಮೆಚ್ಚಿದರು. ಇಂಗ್ಲೆಂಡು ಅದನ್ನು ಅನುಕರಿಸಿದ್ದು ಯೋಗ್ಯವೇ ಎಂದರು. ಆದರೆ ಪದ್ಯಗ್ರಂಥಗಳ ಭಾಷೆ ಆಡುಮಾತಿಗಿಂತ ಭಿನ್ನವಾಗಿದ್ದುದರಿಂದ ಮಕ್ಕಳು ಅರ್ಥವರಿಯದೆ ಗಿಳಿಪಾಠ ಒಪ್ಪಿಸುತ್ತಿದ್ದಾರೆಂದೂ, ನಾಡಿನ ಬಡತನದಿಂದಾಗಿ ಶಾಲೆಗಳು ಕ್ಷೀಣಿಸುತ್ತಿವೆಯೆಂದೂ ವ್ಯಥೆಪಟ್ಟರು.

ಬೆಲ್ ಬರೆದದ್ದು ಜನರಿಗಾಗಿ. ಕ್ಯಾಂಪ್‌ಬೆಲ್ ಬರೆದದ್ದು ಮೇಲಧಿಕಾರಿಗಳಿಗಾಗಿ. ಆದ್ದರಿಂದ ಕಲಿಸುವ ಉಪಾಯವು ಬೇಗನೆ ದೇಶಾಂತರ ಹೋಯಿತು. ಅರ್ಥದ ಕುರಿತ ಎಚ್ಚರಿಕೆಗೆ ಆ ಭಾಗ್ಯ ದೊರೆಯಲಿಲ್ಲ. 1983ರಲ್ಲಿ ಧರಂಪಾಲರು ಈ ಸಮೀಕ್ಷೆಯ ದಾಖಲೆಗಳನ್ನು 'ದಿ ಬ್ಯೂಟಿಫುಲ್ ಟ್ರೀ' ಗ್ರಂಥದಲ್ಲಿ ಒಟ್ಟುಗೂಡಿಸಿದ ಬಳಿಕ ಅವು ಸಾಮಾನ್ಯ ಓದುಗರ ಚರ್ಚೆಗೂ ಬಂದವು.

ಆ ಎಚ್ಚರಿಕೆ ನಮಗೂ ಸಲ್ಲುತ್ತದೆ. ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಕ್ಕಳು ಒಂದಕ್ಷರವೂ ತಪ್ಪದೆ ಪದ್ಯ ಹೇಳಿದಾಗ ನಾವು ಹಿಗ್ಗುತ್ತೇವೆ. ಆದರೆ ಮನೆಗೆ ಮರಳಿದ ಮೇಲೆ ಅದರ ಅರ್ಥವನ್ನು ಎಷ್ಟು ಮಂದಿ ಕೇಳುತ್ತೇವೆ? ಕಲಿಕೆಯ ಕುರಿತು ಬಲ್ಲವರು ಕಂಡುಕೊಂಡದ್ದು ಕಡತಗಳಲ್ಲೇ ಉಳಿಯದೆ ತಂದೆತಾಯಿಯರನ್ನು ತಲುಪಬೇಕು. ಮುಂದಿನ ಭಾನುವಾರ ಚಿಕ್ಕವರಿಗೆ ಪದ್ಯ ಕಲಿಸುವ ದೊಡ್ಡ ಮಕ್ಕಳು, ಅದರ ಅರ್ಥವನ್ನೂ ತಮ್ಮ ಮಾತಿನಲ್ಲಿ ಹೇಳಿಕೊಡುವಂತೆ ನಾವು ನೋಡಿಕೊಳ್ಳೋಣ.